ಗುರುವಿಗೆ ಅಡ್ಡಪಲ್ಲಕ್ಕಿ ಬೇಕೆ? ಮಠದ ಲೆಕ್ಕ ಕೇಳಿದರೆ ಅದು ಗುರುನಿಂದೆಯೆ?

ಶಾಲ್ಮಲಾ ತೀರ:
ಎಲ್ಲರಿಗೂ ಶರಣು. ನಮ್ಮದು ಧಾರವಾಡ ಜಿಲ್ಲೆಯ ಒಂದು ಹಳ್ಳಿ. ಊರಿನ ಹೆಸರನ್ನೂ ಮಠದ ಹೆಸರನ್ನೂ ಬೇಕೆಂದೇ ಬರೆಯುತ್ತಿಲ್ಲ. ನನಗೆ ಊರಿನವರೊಂದಿಗೆ ಜಗಳ ಬೇಡ, ಬಲ್ಲವರ ಅಭಿಪ್ರಾಯ ಬೇಕು.

ಮಠದ ಅಜ್ಜನವರು, ಅಂದರೆ ಸ್ವಾಮಿಗಳು, ಪಟ್ಟಕ್ಕೆ ಬಂದು ಇಪ್ಪತ್ತೈದು ವರ್ಷ ತುಂಬುತ್ತಿದೆ. ಅದಕ್ಕಾಗಿ ಅವರನ್ನು ಪಲ್ಲಕ್ಕಿಯಲ್ಲಿ ಕೂರಿಸಿ ಹೊರುವ ಅಡ್ಡಪಲ್ಲಕ್ಕಿ ಉತ್ಸವ, ನಾಣ್ಯದ ತುಲಾಭಾರ, ಸಾಮೂಹಿಕ ಪಾದಪೂಜೆ ಎಲ್ಲವೂ ಆಗಬೇಕು ಎಂದು ಸಮಿತಿಯವರು ತೀರ್ಮಾನಿಸಿದ್ದಾರೆ. ಮನೆಗೆ ಎರಡು ಸಾವಿರ ರೂಪಾಯಿ ಪಟ್ಟಿ, ಟ್ರ್ಯಾಕ್ಟರ್ ಇದ್ದವರಿಗೆ ಐದು ಸಾವಿರ. ಮುಂಗಾರು ಕೈಕೊಟ್ಟ ವರ್ಷವಿದು. ಹೆಸರು ಕಾಳು ಬಿತ್ತಿದವರಿಗೆ ಬೀಜದ ಖರ್ಚೂ ಹುಟ್ಟಿಲ್ಲ.

ಸಮಿತಿಯ ಸಭೆಯಲ್ಲಿ ಎದ್ದು ನಿಂತು, ಕಳೆದ ಜಾತ್ರೆಯಲ್ಲಿ ಕೂಡಿದ ಹಣದ ಜಮಾಖರ್ಚನ್ನು ಮೊದಲು ಓದಿರಿ, ಮಠದ ಹೈಸ್ಕೂಲಿನಲ್ಲಿ ಹೆಣ್ಣುಮಕ್ಕಳ ಶೌಚಾಲಯಕ್ಕೆ ಬಾಗಿಲಿಲ್ಲ, ಅದನ್ನು ಮಾಡಿಸಿ ಆಮೇಲೆ ಪಲ್ಲಕ್ಕಿಯ ಮಾತಾಡೋಣ ಎಂದೆ. ಇಡೀ ಸಭೆ ಸ್ತಬ್ಧವಾಯಿತು. ಹಿರಿಯರೊಬ್ಬರು, "ಗುರುವಿನ ಲೆಕ್ಕ ಕೇಳುವಷ್ಟು ದೊಡ್ಡವನಾದೆಯೇನು? ಹರ ಮುನಿದರೆ ಗುರು ಕಾಯುತ್ತಾನೆ, ಗುರು ಮುನಿದರೆ ಯಾರು ಕಾಯುತ್ತಾರೆ?" ಎಂದರು. ಮರುದಿನದಿಂದ ನನ್ನ ತಂದೆಗೆ ಕಟ್ಟೆಯ ಮೇಲೆ ಜಾಗ ಕೊಡುವವರಿಲ್ಲ.

ಅಜ್ಜನವರು ಕೆಟ್ಟವರಲ್ಲ. ನಾನು ಚಿಕ್ಕವನಿದ್ದಾಗ ಮಠದ ಬೇವಿನ ಮರದ ಕೆಳಗೆ ಚಾಪೆ ಹಾಸಿ, ನಮ್ಮ ಜೊತೆಯಲ್ಲೇ ಕುಳಿತು ವಚನ ಹೇಳಿಕೊಟ್ಟವರು. ತಪ್ಪು ಹೇಳಿದರೆ ನಕ್ಕು ಮತ್ತೆ ಹೇಳಿಸುತ್ತಿದ್ದರು. ಈಗ ಬೆಳ್ಳಿಯ ಸಿಂಹಾಸನ ಬಂದಿದೆ. ಅವರನ್ನು ಕಾಣಬೇಕಾದರೆ ಇಬ್ಬರನ್ನು ದಾಟಿ ಹೋಗಬೇಕು. ಸಭೆಯಲ್ಲಿ ಅವರೂ ಇದ್ದರು. ತಲೆ ತಗ್ಗಿಸಿ ಕುಳಿತಿದ್ದರು, ಒಂದು ಮಾತೂ ಆಡಲಿಲ್ಲ. ಅದೇ ನನ್ನನ್ನು ಹೆಚ್ಚು ಕಾಡುತ್ತಿದೆ.

ನನ್ನ ಪ್ರಶ್ನೆ ಇಷ್ಟು. ಯಾವ ಧರ್ಮದವರೇ ಆಗಲಿ, ತಮ್ಮ ಗುರುವನ್ನು ಪ್ರಶ್ನೆಗೆ ಎಟುಕದಷ್ಟು ಎತ್ತರದಲ್ಲಿ ಕೂರಿಸುವುದು ಸರಿಯೆ?

ಎರೆಹೊಲ:
ಕೇಳಿದ್ದು ಸರಿ. ಮೊದಲು ಬಾಗಿಲು, ಆಮೇಲೆ ಪಲ್ಲಕ್ಕಿ.

ತುಮಕೂರಿನ ಮೇಷ್ಟ್ರು:
ತಮ್ಮಾ, ಲೆಕ್ಕ ಕೇಳಿದ್ದಕ್ಕೆ ನಿನ್ನ ತಂದೆಯನ್ನು ದೂರ ಇಟ್ಟರೆ ಅದು ತಪ್ಪು, ಒಪ್ಪುತ್ತೇನೆ. ಆದರೆ ನಿನ್ನ ಕೊನೆಯ ಪ್ರಶ್ನೆಗೆ ನನ್ನ ಉತ್ತರ ಬೇರೆ.

ನಾನು ಸಿದ್ಧಗಂಗೆಯಲ್ಲಿ ಉಂಡು ಓದಿದವನು. ನನ್ನ ಅಪ್ಪ ಕೂಲಿ ಮಾಡುತ್ತಿದ್ದರು. ಒಂದು ಟ್ರಂಕು, ಒಂದು ಚಾಪೆ, ಒಂದು ತಟ್ಟೆ ಕೊಟ್ಟು ಮಠದ ಬಾಗಿಲಲ್ಲಿ ಬಿಟ್ಟು ಹೋದರು. ಯಾವ ಜಾತಿ ಎಂದು ಅಲ್ಲಿ ಯಾರೂ ಕೇಳಲಿಲ್ಲ. ನನ್ನ ಪಕ್ಕದಲ್ಲಿ ಮಲಗುತ್ತಿದ್ದವನು ಮುಸಲ್ಮಾನರ ಹುಡುಗ. ಹಿಂದೆ ಅನ್ನಕ್ಕೆ ಕಷ್ಟವಿದ್ದ ಕಾಲದಲ್ಲಿ ಶಿವಕುಮಾರ ಸ್ವಾಮಿಗಳು ತಾವೇ ಹಳ್ಳಿ ಹಳ್ಳಿ ತಿರುಗಿ ರಾಗಿ, ಭತ್ತ ತಂದು ಮಕ್ಕಳಿಗೆ ಉಣಿಸಿದರು. ನೂರು ದಾಟಿದ ಮೇಲೂ ಬೆಳಗಿನ ಜಾವ ಎದ್ದು ಪೂಜೆ ಮುಗಿಸಿ ಮಕ್ಕಳ ಪ್ರಾರ್ಥನೆಗೆ ಬರುತ್ತಿದ್ದರು. 2019ರ ಜನವರಿ 21ರಂದು ಅವರು ಲಿಂಗೈಕ್ಯರಾದಾಗ ಮಠದಲ್ಲಿ ಸುಮಾರು ಹತ್ತು ಸಾವಿರ ಮಕ್ಕಳು ಓದುತ್ತಿದ್ದರು. ಅಂಥವರನ್ನು ನಡೆದಾಡುವ ದೇವರು ಎಂದು ಕರೆದದ್ದು ನಾವೇ. ಅವರ ಪಾದಕ್ಕೆ ಬಾಗಿದ ತಲೆ ಬೇರೆ ಯಾರಿಗೂ ಬಾಗಬೇಕಾಗಲಿಲ್ಲ, ಏಕೆಂದರೆ ಅವರು ನನಗೆ ನೌಕರಿ ಹಿಡಿಯುವಷ್ಟು ವಿದ್ಯೆ ಕೊಟ್ಟಿದ್ದರು.

ಸಮಾಜಕ್ಕೆ ಕಣ್ಣೆತ್ತಿ ನೋಡಲು ಒಬ್ಬರು ಬೇಕು. ಎಲ್ಲರನ್ನೂ ನೆಲಕ್ಕೆ ಇಳಿಸಿಬಿಟ್ಟರೆ ಮಕ್ಕಳು ಯಾರನ್ನು ನೋಡಿ ಬೆಳೆಯಬೇಕು?

ದಾವಣಗೆರೆಯವ:
ಮೇಷ್ಟ್ರೇ, ಸಿದ್ಧಗಂಗೆಯ ಬುದ್ಧಿಯವರಿಗೆ ಸಿಕ್ಕ ಗೌರವ ಅವರ ದುಡಿಮೆಗೆ ಸಿಕ್ಕಿದ್ದು. ಪೀಠದ ಮೇಲೆ ಕುಳಿತ ಮಾತ್ರಕ್ಕೆ ಎಲ್ಲರಿಗೂ ಅದೇ ಗೌರವ ಸಲ್ಲಬೇಕೆಂದರೆ ಹೇಗೆ?

ತುಮಕೂರಿನ ಮೇಷ್ಟ್ರು:
ಪೀಠಕ್ಕೂ ಒಂದು ಗೌರವ ಇರುತ್ತದಪ್ಪಾ. ನ್ಯಾಯಾಧೀಶರು ಕೋರ್ಟಿಗೆ ಬಂದಾಗ ಎಲ್ಲರೂ ಎದ್ದು ನಿಲ್ಲುವುದಿಲ್ಲವೆ?

ದಾವಣಗೆರೆಯವ:
ನಿಲ್ಲುತ್ತೇವೆ. ಅವರ ತೀರ್ಪು ಒಪ್ಪಿಗೆಯಾಗದಿದ್ದರೆ ಮೇಲ್ಮನವಿ ಹಾಕುತ್ತೇವೆ. ಮಠದಲ್ಲಿ ಮೇಲ್ಮನವಿ ಎಲ್ಲಿದೆ?

ಕಲ್ಯಾಣದ ಹಾದಿ:
ಈ ಪ್ರಶ್ನೆಗೆ ಬಸವಣ್ಣನೇ ಉತ್ತರ ಕೊಟ್ಟಿದ್ದಾನೆ, ನಾವು ಓದುವುದಿಲ್ಲ ಅಷ್ಟೇ. "ಎನ್ನವರೊಲಿದು ಹೊನ್ನಶೂಲದಲ್ಲಿಕ್ಕಿದರೆನ್ನ ಹೊಗಳಿ ಹೊಗಳಿ" ಎಂಬ ವಚನ ನೆನಪಿದೆಯೆ? ನನ್ನವರು ಪ್ರೀತಿಯಿಂದಲೇ ಹೊಗಳಿ ಹೊಗಳಿ ನನ್ನನ್ನು ಚಿನ್ನದ ಶೂಲಕ್ಕೆ ಏರಿಸಿದರು, ನಿಮ್ಮ ಮನ್ನಣೆ ಮಸೆದ ಅಲಗಿನಂತೆ ತಾಗಿತು, ನೊಂದೆನು, ಸೈರಿಸಲಾರೆನು ಎಂದು ಅಲ್ಲಿ ಕೂಗಿಕೊಳ್ಳುತ್ತಾನೆ. ನನಗೆ ಒಳ್ಳೆಯದನ್ನು ಬಯಸುವೆಯಾದರೆ ಈ ಹೊಗಳಿಕೆಗೆ ಅಡ್ಡ ಬಾ ಎಂದು ಕೂಡಲಸಂಗಮದೇವನನ್ನು ಬೇಡುತ್ತಾನೆ. ಬಿಜ್ಜಳನ ಭಂಡಾರದ ಹೊಣೆ ಹೊತ್ತಿದ್ದ, ಕಲ್ಯಾಣದಲ್ಲಿ ಎಲ್ಲರೂ ಕೈಮುಗಿಯುತ್ತಿದ್ದ ಮನುಷ್ಯ ಆಡಿದ ಮಾತು ಇದು. ಹೊಗಳಿಸಿಕೊಳ್ಳುವವನಿಗೆ ಏನಾಗುತ್ತದೆ ಎಂಬುದನ್ನು ಅನುಭವಿಸಿ ಹೇಳಿದ್ದು.

ಅನುಭವ ಮಂಟಪದ ಶೂನ್ಯಸಿಂಹಾಸನದಲ್ಲಿ ಕುಳಿತ ಅಲ್ಲಮ ಯಾರನ್ನೂ ಪ್ರಶ್ನಿಸದೆ ಬಿಡಲಿಲ್ಲ. ಸೊನ್ನಲಿಗೆಯಲ್ಲಿ ಕೆರೆ, ಗುಡಿ ಕಟ್ಟಿಸಿ ಹೆಸರಾಗಿದ್ದ ಸಿದ್ಧರಾಮನನ್ನು ಅಲ್ಲಿಗೇ ಹೋಗಿ ಕೆಣಕಿದ. ಐದಕ್ಕಿ ಲಕ್ಕಮ್ಮ ತನ್ನ ಗಂಡ ಹೆಚ್ಚು ಅಕ್ಕಿ ಆಯ್ದು ತಂದಾಗ, ಆಸೆ ಎಂಬುದು ಅರಸನಿಗಲ್ಲದೆ ಶಿವಭಕ್ತರಿಗೆ ಇರಬಹುದೆ ಎಂದು ತಿರುಗಿ ಕಳುಹಿಸಿದಳು. ಅಕ್ಕಿ ಆಯುವ ಹೆಣ್ಣುಮಗಳು ತನ್ನ ಗಂಡನಿಗೆ ಹಾಗೆ ಹೇಳಬಹುದಾಗಿತ್ತು. ಅಂಥ ಪರಂಪರೆಯ ಹೆಸರು ಹೇಳಿಕೊಂಡು, ಲೆಕ್ಕ ಕೇಳಿದವನ ಮನೆಗೆ ಮಾತು ಬಿಡುತ್ತೇವೆ.

ಎರೆಹೊಲ:
ಈ ವಚನವನ್ನು ನಮ್ಮ ಊರಿನ ಮಠದ ಗೋಡೆಯ ಮೇಲೆ ಬರೆಸಬೇಕು.

ಹಳೆಯ ಕಾಗದ:
ಅಡ್ಡಪಲ್ಲಕ್ಕಿಯ ಇತಿಹಾಸ ಗೊತ್ತಿಲ್ಲದವರಿಗಾಗಿ ಬರೆಯುತ್ತಿದ್ದೇನೆ. ಪಲ್ಲಕ್ಕಿಯ ದಂಡಿಗೆಯನ್ನು ದಾರಿಗೆ ಅಡ್ಡವಾಗಿ ಹಿಡಿದು ಹೊರುತ್ತಾರೆ. ಎದುರಿನಿಂದ ಬರುವವರೆಲ್ಲ ನಿಲ್ಲಲೇಬೇಕು. ರಾಜಮರ್ಯಾದೆಯ ಪ್ರಶ್ನೆ ಅದು. ಈ ಹಕ್ಕು ಯಾರಿಗಿದೆ ಎಂದು ಒಬ್ಬ ಸ್ಮಾರ್ತ ಪೀಠದ ಸ್ವಾಮಿಗಳಿಗೂ ಚರಂತಿ ಎಂಬ ಲಿಂಗಾಯತ ಗುರು ಒಬ್ಬರಿಗೂ ವ್ಯಾಜ್ಯ ನಡೆದು, 1843ರಲ್ಲಿ ಲಂಡನ್ನಿನ ಪ್ರಿವಿ ಕೌನ್ಸಿಲ್ ತನಕ ಹೋಗಿತ್ತು. ಸಂನ್ಯಾಸಿಗಳು ಯಾವ ಬೀದಿಯಲ್ಲಿ ಹೇಗೆ ಹೊರಿಸಿಕೊಂಡು ಹೋಗಬೇಕು ಎಂಬುದನ್ನು ಸಮುದ್ರದಾಚೆಯ ಬಿಳಿಯರು ಕುಳಿತು ವಿಚಾರ ಮಾಡಿದರು. ಇದರಲ್ಲಿ ಧರ್ಮ ಎಷ್ಟಿದೆ, ಪ್ರತಿಷ್ಠೆ ಎಷ್ಟಿದೆ ಎಂದು ನೀವೇ ಯೋಚಿಸಿ.

ವೀರನಾರಾಯಣನ ಊರಿನವ:
ಗದಗಿನ ತೋಂಟದ ಸಿದ್ಧಲಿಂಗ ಸ್ವಾಮಿಗಳು 1974ರಲ್ಲಿ ಪೀಠಕ್ಕೆ ಬಂದವರು ಅಡ್ಡಪಲ್ಲಕ್ಕಿಯನ್ನು ಬಿಟ್ಟರು. ಬಿಟ್ಟದ್ದರಿಂದ ಅವರ ಗೌರವ ಎಳ್ಳಷ್ಟೂ ಕಡಿಮೆಯಾಗಲಿಲ್ಲ. ಗೋಕಾಕ ಚಳವಳಿಗೆ ಬಂದರು. ಪೋಸ್ಕೊ ಕಂಪನಿ ನಮ್ಮ ಭಾಗದ ಎರೆಭೂಮಿಗೆ ಕೈಹಾಕಿದಾಗ ರೈತರ ಜೊತೆ ಬೀದಿಗೆ ಇಳಿದರು, 2011ರಲ್ಲಿ ಆ ಯೋಜನೆ ನಮ್ಮ ಜಿಲ್ಲೆಯಿಂದ ಹೊರಟುಹೋಯಿತು. ವಾರವಾರ ಶಿವಾನುಭವ ನಡೆಸಿ ಬೇರೆ ಬೇರೆ ಕ್ಷೇತ್ರದವರನ್ನು ಕರೆಸಿ ಮಾತಾಡಿಸಿದರು, ತಾವು ಕೇಳಿದರು. ನಿಮ್ಮ ಸಮಿತಿಯವರಿಗೆ ಇದನ್ನು ಹೇಳಿರಿ. ಪಕ್ಕದ ಜಿಲ್ಲೆಯ ಉದಾಹರಣೆಯನ್ನು ಅವರು ಅಲ್ಲಗಳೆಯಲಾರರು.

ಕೃಷ್ಣಾ ತೀರ:
ವಿಜಯಪುರದ ಜ್ಞಾನಯೋಗಾಶ್ರಮದ ಸಿದ್ಧೇಶ್ವರ ಸ್ವಾಮಿಗಳನ್ನು ಇನ್ನೂ ಯಾರೂ ನೆನೆಯಲಿಲ್ಲವಲ್ಲ! ಅವರ ಅಂಗಿಗೆ ಜೇಬೇ ಇರಲಿಲ್ಲ. 2018ರಲ್ಲಿ ಪದ್ಮಶ್ರೀ ಬಂದಾಗ, ಸಂನ್ಯಾಸಿಗೆ ಪ್ರಶಸ್ತಿಯ ಅಗತ್ಯವಿಲ್ಲ ಎಂದು ವಿನಯದಿಂದ ಪತ್ರ ಬರೆದು ತಿರಸ್ಕರಿಸಿದರು. ತಿಂಗಳುಗಟ್ಟಲೆ ಒಂದೊಂದು ಊರಿನಲ್ಲಿ ಬೆಳಗಿನ ಪ್ರವಚನ ಮಾಡುತ್ತಿದ್ದರು. ನಮ್ಮೂರಿಗೆ ಬಂದಾಗ ನಾನೂ ಹೋಗುತ್ತಿದ್ದೆ. ಚಳಿಯಲ್ಲಿ ಕಂಬಳಿ ಹೊದ್ದು ಬಂದ ಸಾವಿರಾರು ಜನ, ಒಂದು ಸಪ್ಪಳ ಇಲ್ಲ. ಮುಗಿಯುತ್ತಲೇ ಎದ್ದು ನಡೆದುಬಿಡುತ್ತಿದ್ದರು.

2014ರಲ್ಲೇ ತಮ್ಮ ಅಂತಿಮ ಪತ್ರ ಬರೆದಿಟ್ಟಿದ್ದರು. ದೇಹವನ್ನು ಮಣ್ಣಿನಲ್ಲಿ ಇಡಬೇಡಿ, ಅಗ್ನಿಗೆ ಅರ್ಪಿಸಿ, ಚಿತಾಭಸ್ಮವನ್ನು ನೀರಿಗೆ ಬಿಡಿ, ಸ್ಮಾರಕ ಕಟ್ಟಬೇಡಿ ಎಂದು. ಗದ್ದುಗೆ ಇದ್ದರೆ ತಾನೆ ಮುಂದೆ ಅದಕ್ಕೊಂದು ಪೂಜೆ, ಅದಕ್ಕೊಂದು ಹುಂಡಿ, ಅದಕ್ಕೊಂದು ಜಗಳ? 2023ರ ಜನವರಿ 2ರಂದು ಅವರು ಹೋದ ಮೇಲೆ ಹಾಗೆಯೇ ನಡೆಯಿತು.

ತುಮಕೂರಿನ ಮೇಷ್ಟ್ರು:
ನೀವು ಕೊಟ್ಟ ಉದಾಹರಣೆ ನನ್ನ ಮಾತಿಗೇ ಪುಷ್ಟಿ ಕೊಡುತ್ತದೆ. ಸಿದ್ಧೇಶ್ವರರ ಅಂತಿಮ ದರ್ಶನಕ್ಕೆ ಲಕ್ಷಾಂತರ ಜನ ಬಂದರು. ಅವರನ್ನೂ ನಡೆದಾಡುವ ದೇವರು ಎಂದೇ ಕರೆದರು. ಅಂದರೆ ಎತ್ತರದಲ್ಲಿ ಇಡುವುದು ಜನರ ಸಹಜ ಗುಣ. ಅದನ್ನು ಕಾನೂನು ಮಾಡಿ ತಡೆಯಲಾಗದು, ತಡೆಯಲೂಬಾರದು.

ಕೃಷ್ಣಾ ತೀರ:
ಜನ ಇಟ್ಟರು, ಅವರು ಕೂರಲಿಲ್ಲ. ವ್ಯತ್ಯಾಸ ಅಲ್ಲಿದೆ ಮೇಷ್ಟ್ರೇ.

ನಡುಹಗಲು:
ಎಲ್ಲರೂ ಒಳ್ಳೆಯ ಸ್ವಾಮಿಗಳ ಉದಾಹರಣೆಯನ್ನೇ ಕೊಡುತ್ತಿದ್ದೀರಿ. ಒಳ್ಳೆಯವರಲ್ಲದವರು ಕುಳಿತಾಗ ಏನಾಗುತ್ತದೆ? 2017ರ ಆಗಸ್ಟ್ 25ರಂದು ಹರಿಯಾಣದ ಡೇರಾ ಸಚ್ಚಾ ಸೌದಾ ಪಂಥದ ಗುರು ಗುರ್ಮೀತ್ ರಾಮ್ ರಹೀಮ್ ಅತ್ಯಾಚಾರದ ಅಪರಾಧಿ ಎಂದು ಪಂಚಕುಲಾದ ನ್ಯಾಯಾಲಯ ಹೇಳಿದ ಕೂಡಲೇ ಬೀದಿ ಹೊತ್ತಿ ಉರಿಯಿತು, ಮೂವತ್ತಕ್ಕೂ ಹೆಚ್ಚು ಜನ ಸತ್ತರು. ಆಶ್ರಮದ ಸಾಧ್ವಿಯೊಬ್ಬಳು 2002ರಲ್ಲೇ ಹೆಸರಿಲ್ಲದ ಪತ್ರ ಬರೆದಿದ್ದಳು. ತೀರ್ಪು ಬರಲು ಹದಿನೈದು ವರ್ಷ ಬೇಕಾಯಿತು. ಆ ಪತ್ರವನ್ನು ಪ್ರಕಟಿಸಿದ ಪತ್ರಕರ್ತ ಗುಂಡೇಟಿಗೆ ಬಲಿಯಾದ. ಬೀದಿಗೆ ಇಳಿದ ಭಕ್ತರು ಗೂಂಡಾಗಳಾಗಿಯೇ ಹುಟ್ಟಿದವರೇನಲ್ಲ. ನಮ್ಮ ನಿಮ್ಮಂಥ ಸಂಸಾರಸ್ಥರೇ ಇದ್ದರು. ತಮ್ಮ ಗುರು ತಪ್ಪು ಮಾಡಲು ಸಾಧ್ಯವೇ ಇಲ್ಲ ಎಂದು ಅವರಿಗೆ ವರ್ಷಗಟ್ಟಲೆ ಹೇಳಿಕೊಡಲಾಗಿತ್ತು.

ಪಡುಗಡಲು:
ನಮ್ಮ ಉಡುಪಿಯ ಕ್ರಮವನ್ನೂ ನೋಡಿ. ಅಷ್ಟಮಠಗಳಿವೆ, ಎಂಟು ಯತಿಗಳಿದ್ದಾರೆ, ಕೃಷ್ಣನ ಪೂಜೆಯ ಅಧಿಕಾರ ಯಾರ ಕೈಯಲ್ಲೂ ಉಳಿಯುವುದಿಲ್ಲ. ಎರಡು ವರ್ಷಕ್ಕೊಮ್ಮೆ ಜನವರಿ 18ರಂದು ಪರ್ಯಾಯ. ಇಳಿಯುವವರು ಏರುವವರಿಗೆ ಅಕ್ಷಯಪಾತ್ರೆ, ಸಟ್ಟುಗ, ಗರ್ಭಗುಡಿಯ ಕೀಲಿಕೈ ಒಪ್ಪಿಸಿ ತಮ್ಮ ಮಠಕ್ಕೆ ನಡೆಯುತ್ತಾರೆ. ನಿನ್ನೆಯವರೆಗೆ ಸರ್ವಜ್ಞ ಪೀಠದಲ್ಲಿ ಕುಳಿತವರು ಇಂದು ಎಂಟರಲ್ಲಿ ಒಬ್ಬರು. ಮತ್ತೆ ಸರದಿ ಬರಲು ಹದಿನಾಲ್ಕು ವರ್ಷ ಕಾಯಬೇಕು. ಮಧ್ವಾಚಾರ್ಯರ ಕಾಲದಿಂದ ಎರಡು ವರ್ಷದ ಈ ಕ್ರಮ ನಡೆದು ಬಂದಿದೆ. ಗೌರವ ಪೂರ್ತಿ ಇದೆ, ಆದರೆ ಕುರ್ಚಿಗೆ ಅಂಟಿಕೊಳ್ಳಲು ದಾರಿಯಿಲ್ಲ.

ಸೌಕೂರು:
ತಿದ್ದುಪಡಿ. ಮಧ್ವಾಚಾರ್ಯರು ಮಾಡಿದ್ದು ಎರಡೆರಡು ತಿಂಗಳ ಸರದಿ. ಅದನ್ನು ಎರಡು ವರ್ಷಕ್ಕೆ ಏರಿಸಿದವರು ಹದಿನಾರನೆಯ ಶತಮಾನದ ವಾದಿರಾಜರು. ಯತಿಗಳು ದೇಶ ಸಂಚಾರ ಮಾಡಲು ಎರಡು ತಿಂಗಳ ಸರದಿ ಅಡ್ಡಿಯಾಗುತ್ತಿತ್ತು.

ಪಡುಗಡಲು:
ಹೌದು, ವಾದಿರಾಜರೇ. ತಿದ್ದಿದ್ದಕ್ಕೆ ಧನ್ಯವಾದ.

ನಡುಹಗಲು:
ಸರದಿ ಇದೆ, ಸರಿ. ಆ ಸರದಿ ಎಂಟು ಮಠಗಳ ಒಳಗೇ ಸುತ್ತುತ್ತದಲ್ಲ? ಊಟಕ್ಕೆ ಜಾತಿ ನೋಡಿ ಬೇರೆ ಸಾಲಿನಲ್ಲಿ ಕೂರಿಸುವ ಪಂಕ್ತಿಭೇದದ ವಿರುದ್ಧ ಎಷ್ಟು ವರ್ಷ ಹೋರಾಟ ನಡೆಯಿತು ಎಂಬುದೂ ನಿಮಗೆ ಗೊತ್ತಿರಬೇಕು.

ಪಡುಗಡಲು:
ಗೊತ್ತಿದೆ, ಪಂಕ್ತಿಭೇದವನ್ನು ನಾನು ಸಮರ್ಥಿಸುವುದಿಲ್ಲ. ಅಧಿಕಾರ ಒಬ್ಬರಲ್ಲೇ ಗಟ್ಟಿಯಾಗದಂತೆ ಹಿಂದಿನವರು ಯೋಚಿಸಿದ್ದರು ಎಂಬಷ್ಟಕ್ಕೆ ನನ್ನ ಮಾತು. ಪೇಜಾವರದ ವಿಶ್ವೇಶತೀರ್ಥರು ಐದು ಪರ್ಯಾಯ ನಡೆಸಿದರು. ಐದನೆಯದರಲ್ಲಿ, 2017ರಲ್ಲಿ, ಮಠದ ಆವರಣದಲ್ಲೇ ಮುಸಲ್ಮಾನರಿಗೆ ಇಫ್ತಾರ್ ಕೊಟ್ಟರು. ಅವರನ್ನು ದೇವರೆಂದು ಕರೆಯುತ್ತಿದ್ದವರಲ್ಲೇ ಹಲವರು ಮರುದಿನ ಬೈದರು. ಎತ್ತರದಲ್ಲಿ ಕೂರಿಸುವವರು ತಮಗೆ ಬೇಕಾದ ಮಾತನ್ನಷ್ಟೇ ಅಲ್ಲಿಂದ ಕೇಳಬಯಸುತ್ತಾರೆ ಎಂದು ನನಗೆ ಅಂದು ಅರ್ಥವಾಯಿತು.

ನೇತ್ರಾವತಿಯ ಕಡೆಯವಳು:
ನಾನು ಕಥೊಲಿಕಳು, ಮಂಗಳೂರಿನವಳು. ಅಡ್ಡಪಲ್ಲಕ್ಕಿಯ ಮಾತು ಬಂದದ್ದರಿಂದ ಹೇಳುತ್ತೇನೆ. ರೋಮಿನಲ್ಲಿಯೂ ಪೋಪರನ್ನು ಕುರ್ಚಿಯ ಮೇಲೆ ಕೂರಿಸಿ ಹೆಗಲ ಮೇಲೆ ಹೊತ್ತು ತರುವ ಪದ್ಧತಿ ಶತಮಾನಗಳ ಕಾಲ ಇತ್ತು. 1978ರಲ್ಲಿ ಒಂದೇ ತಿಂಗಳು ಪೋಪರಾಗಿದ್ದ ಮೊದಲನೆಯ ಜಾನ್ ಪಾಲ್ ಅವರೇ ಕೊನೆ, ಆಮೇಲೆ ಯಾರೂ ಅದರಲ್ಲಿ ಕೂರಲಿಲ್ಲ. 2013ರ ಪವಿತ್ರ ಗುರುವಾರದಂದು ಪೋಪ್ ಫ್ರಾನ್ಸಿಸ್ ರೋಮಿನ ಬಾಲಾಪರಾಧಿಗಳ ಜೈಲಿಗೆ ಹೋಗಿ ಮೊಣಕಾಲೂರಿ ಕೈದಿಗಳ ಪಾದ ತೊಳೆದರು. ಅವರಲ್ಲಿ ಮುಸ್ಲಿಂ ಹುಡುಗಿಯೂ ಇದ್ದಳು. ಯೇಸು ಕಡೆಯ ಭೋಜನದಂದು ಶಿಷ್ಯರ ಪಾದ ತೊಳೆದದ್ದರ ನೆನಪಿಗೆ ನಮ್ಮ ಊರಿನ ಇಗರ್ಜಿಯಲ್ಲೂ ಪ್ರತಿವರ್ಷ ಪಾದ್ರಿಗಳು ಪಾದ ತೊಳೆಯುತ್ತಾರೆ. ಹೆಂಚಿನ ಕಾರ್ಖಾನೆಯಲ್ಲಿ ದುಡಿದು ಬಿರಿದ ನನ್ನ ಅಜ್ಜನ ಹಿಮ್ಮಡಿಯನ್ನು ವಿಗಾರರು ಟವೆಲ್ಲಿನಲ್ಲಿ ಒರೆಸಿದ್ದನ್ನು ನಾನು ಮುಂದಿನ ಬೆಂಚಿನಲ್ಲಿ ಕುಳಿತು ನೋಡಿದ್ದೇನೆ. ಅಜ್ಜನಿಗೆ ಸಂಕೋಚವಾಗಿ ಕಾಲು ಹಿಂದಕ್ಕೆ ಎಳೆದುಕೊಂಡರು, ಅವರು ಬಿಡಲಿಲ್ಲ.

ಆದರೆ ಇಷ್ಟರಿಂದ ನಮ್ಮಲ್ಲಿ ಎಲ್ಲವೂ ಸರಿಯಾಗಿದೆ ಎಂದು ಹೇಳಲಾರೆ. ಪಾದ್ರಿ ಎಂದರೆ ದೇವರ ಪ್ರತಿನಿಧಿ ಎಂಬ ನಂಬಿಕೆಯ ಮರೆಯಲ್ಲಿ ಅಮೆರಿಕದ ಬೋಸ್ಟನ್ನಿನಲ್ಲಿ ಮಕ್ಕಳಿಗೆ ಆದ ಅನ್ಯಾಯ 2002ರಲ್ಲಿ ಪತ್ರಿಕೆಯಲ್ಲಿ ಬಯಲಾಯಿತು. ಅಲ್ಲಿನ ಕಾರ್ಡಿನಲ್ ಅದೇ ವರ್ಷದ ಡಿಸೆಂಬರಿನಲ್ಲಿ ರಾಜೀನಾಮೆ ಕೊಟ್ಟರು. ತಪ್ಪು ಮಾಡಿದ ಪಾದ್ರಿಗಳನ್ನು ಒಂದು ಊರಿನಿಂದ ಇನ್ನೊಂದು ಊರಿಗೆ ವರ್ಗ ಮಾಡುತ್ತಿದ್ದರು. ಮಗು ಬಂದು ಹೇಳಿದರೂ ತಾಯಿ ನಂಬದ ಸ್ಥಿತಿ ಇತ್ತು. ಒಬ್ಬ ಮನುಷ್ಯನ ಮೇಲಿನ ಗೌರವ ಸ್ವಂತ ಮಗುವಿನ ಮಾತಿಗಿಂತ ದೊಡ್ಡದಾಗುವ ತನಕ ನಾವು ಹೋಗಬಾರದು.

ಲೆಕ್ಕದ ವಿಷಯ: 1983ರ ಕ್ಯಾನನ್ ಕಾನೂನಿನ ಪ್ರಕಾರ ಪ್ರತಿ ಧರ್ಮಕೇಂದ್ರದಲ್ಲೂ ಹಣಕಾಸು ಸಮಿತಿ ಇರಲೇಬೇಕು, ಜನಸಾಮಾನ್ಯರೂ ಅದರಲ್ಲಿರುತ್ತಾರೆ. ನಮ್ಮಲ್ಲಿ ಲೆಕ್ಕ ಕೇಳಿದವರನ್ನು ಯಾರೂ ಧರ್ಮದ್ರೋಹಿ ಎನ್ನುವುದಿಲ್ಲ.

ಬಂದೇನವಾಜ್ ಬೀದಿ:
ಕಲಬುರಗಿಯಿಂದ ಬರೆಯುತ್ತಿದ್ದೇನೆ. ನಮ್ಮಲ್ಲಿ ಈ ಚರ್ಚೆ ಮನೆಮನೆಯಲ್ಲಿ ನಡೆಯುತ್ತದೆ. ನಮ್ಮ ತಂದೆ ದರ್ಗಾಕ್ಕೆ ಹೋಗಿ ಪೀರ್ ಸಾಹೇಬರ ಕೈಗೆ ಮುತ್ತಿಡುತ್ತಾರೆ. ನನ್ನ ಚಿಕ್ಕಪ್ಪ ಅದು ತಪ್ಪು, ತಲೆಬಾಗುವುದು ಅಲ್ಲಾಹನಿಗೆ ಮಾತ್ರ ಎನ್ನುತ್ತಾರೆ. ಹಬ್ಬದ ಊಟದ ನಡುವೆಯೂ ಇಬ್ಬರಿಗೂ ವಾದ. ನಾನು ಇಬ್ಬರ ಮಾತನ್ನೂ ಕೇಳುತ್ತಾ ಬೆಳೆದವನು.

ನಮಾಜಿಗೆ ಇಮಾಮ್ ನಿಲ್ಲುವುದು ಎಲ್ಲರೂ ನಿಂತ ನೆಲದ ಮೇಲೆಯೇ, ಒಂದು ಸಾಲು ಮುಂದೆ, ಅಷ್ಟೇ. ಓದುವಾಗ ಅವರು ತಪ್ಪಿದರೆ ಹಿಂದೆ ನಿಂತವರು ನಮಾಜಿನ ನಡುವೆಯೇ ತಿದ್ದಬೇಕು, ಅದು ಹಕ್ಕಲ್ಲ, ಕರ್ತವ್ಯ. ಪ್ರವಾದಿಯವರ ನಂತರ ಮೊದಲ ಖಲೀಫರಾದ ಹಜರತ್ ಅಬೂಬಕರ್ ತಮ್ಮ ಮೊದಲ ಭಾಷಣದಲ್ಲಿ, ನಾನು ನಿಮ್ಮಲ್ಲಿ ಅತ್ಯುತ್ತಮನೇನಲ್ಲ, ಸರಿಯಾಗಿ ನಡೆದರೆ ನೆರವಾಗಿ, ತಪ್ಪಿದರೆ ತಿದ್ದಿ ಎಂದರಂತೆ. ಇದೆಲ್ಲ ನಮ್ಮಲ್ಲಿದೆ. ಆದರೂ ಮಸೀದಿ ಕಮಿಟಿಯಲ್ಲಿ ಎದ್ದು ನಿಂತು ಅಂಗಡಿಗಳ ಬಾಡಿಗೆಯ ಲೆಕ್ಕ ಕೇಳಿದರೆ ಮುಖ ತಿರುಗಿಸುವವರು ಇದ್ದಾರೆ. ಶಾಲ್ಮಲಾ ತಮ್ಮಾ, ನಿಮ್ಮ ಊರು ನಮ್ಮ ಊರು ಬೇರೆ ಅಲ್ಲ.

ಬೀದರಿನ ಕೋಟೆ:
ಬಂದೇನವಾಜ್ ಅಣ್ಣ, ಅಷ್ಟೂರಿನ ಉರುಸಿನ ಬಗ್ಗೆ ಬರೆಯಿರಿ. ಬಹಮನಿ ಸುಲ್ತಾನ ಅಹಮದ್ ಶಾಹನ ಗೋರಿಯ ಉರುಸಿಗೆ ಕಲಬುರಗಿ ಕಡೆಯ ಮಾದ್ಯಾಳದಿಂದ ಜಂಗಮರು ಬರುತ್ತಾರೆ. ಹಿಂದೂಗಳು ತೆಂಗಿನಕಾಯಿ ಒಡೆಯುತ್ತಾರೆ, ಮುಸಲ್ಮಾನರು ಫಾತಿಹಾ ಓದುತ್ತಾರೆ.

ಎರೆಹೊಲ:
ವಿಷಯ ಬೇರೆ ಕಡೆಗೆ ಹೊರಟಿತು. ಆದರೂ ಹೇಳಲೇಬೇಕು, ಗದಗಿನ ರೊಟ್ಟಿ ಜಾತ್ರೆಗೆ ಬಂದವರು ಇದ್ದೀರಾ? ಪೀಠದವರು, ಊರಿನವರು ಎಲ್ಲರೂ ಒಂದೇ ರೊಟ್ಟಿ.

ವೀರನಾರಾಯಣನ ಊರಿನವ:
ರೊಟ್ಟಿ ಜಾತ್ರೆ ಡಂಬಳದ್ದು. ಮಠ ಒಂದೇ ಪರಂಪರೆಯದಾದರೂ ಊರು ಬೇರೆ. ತಿಂಗಳ ಮೊದಲಿನಿಂದ ಓಣಿಯ ಹೆಣ್ಣುಮಕ್ಕಳು ಜೋಳದ ಕಟಕ ರೊಟ್ಟಿ ಬಡಿದು ಮಠಕ್ಕೆ ಕೊಡುತ್ತಾರೆ. ಜೊತೆಗೆ ಭಜ್ಜಿ, ಕರಿಂಡಿ. ಯಾವ ಮನೆಯ ರೊಟ್ಟಿ ಯಾರ ಕೈಗೆ ಬಂತು ಎಂದು ಗೊತ್ತಾಗುವುದೇ ಇಲ್ಲ, ಅದೇ ಅದರ ಸೊಗಸು.

ಮೂಕನಾಯಕನ ಓದುಗ:
ಮತ್ತೆ ವಿಷಯಕ್ಕೆ ಬನ್ನಿ. 1949ರ ನವೆಂಬರ್ 25ರಂದು ಸಂವಿಧಾನ ಸಭೆಯಲ್ಲಿ ಬಾಬಾಸಾಹೇಬರು ವ್ಯಕ್ತಿಪೂಜೆಯ ಬಗ್ಗೆ ಎಚ್ಚರಿಸಿದ್ದರು. ಅದು ಅವನತಿಗೂ ಕೊನೆಗೆ ಸರ್ವಾಧಿಕಾರಕ್ಕೂ ದಾರಿ ಎಂದು.

ತುಮಕೂರಿನ ಮೇಷ್ಟ್ರು:
ಅದೇ ಭಾಷಣದಲ್ಲಿ, ಧರ್ಮದಲ್ಲಿ ಭಕ್ತಿ ಆತ್ಮದ ಮುಕ್ತಿಗೆ ದಾರಿಯಾಗಬಹುದು ಎಂದೂ ಹೇಳಿದ್ದಾರೆ. ಅವರು ಎಚ್ಚರಿಸಿದ್ದು ರಾಜಕಾರಣದ ಭಕ್ತಿಯ ಬಗ್ಗೆ. ಪೂರ್ತಿ ಓದಿ.

ಮೂಕನಾಯಕನ ಓದುಗ:
ಪೂರ್ತಿ ಓದಿದ್ದೇನೆ ಸರ್. ಆದರೆ ಇಂದಿನ ಮಠ ಬರೀ ಆತ್ಮದ ಮುಕ್ತಿಯ ಜಾಗವೆ? ಟಿಕೆಟ್ ಯಾರಿಗೆ, ಮಂತ್ರಿಗಿರಿ ಯಾವ ಸಮುದಾಯಕ್ಕೆ ಎಂದು ಸ್ವಾಮಿಗಳು ಪತ್ರಿಕಾಗೋಷ್ಠಿ ಕರೆಯುತ್ತಾರೆ. ಬಜೆಟ್ಟಿನಲ್ಲಿ ಮಠಗಳಿಗೆ ಅನುದಾನ ಬರುತ್ತದೆ. ಚುನಾವಣೆಗೆ ನಿಂತವರೆಲ್ಲ ಮೊದಲು ಹೋಗಿ ಬೀಳುವುದು ಮಠದ ಮೆಟ್ಟಿಲ ಮೇಲೆ. ಅಧಿಕಾರದ ಬಳಿ ಕುಳಿತವರಿಗೆ ಅಧಿಕಾರದ ನಿಯಮವೇ ಅನ್ವಯಿಸಬೇಕು. ಬಾಬಾಸಾಹೇಬರು ಕೊನೆಗೆ ಆರಿಸಿಕೊಂಡ ಬುದ್ಧ ಕೂಡ ತನ್ನ ನಂತರ ಒಬ್ಬ ಉತ್ತರಾಧಿಕಾರಿಯನ್ನು ನೇಮಿಸಲಿಲ್ಲ. ಧಮ್ಮವೇ ನಿಮಗೆ ಗುರು ಎಂದು ಹೇಳಿ ಹೋದ.

ಹಳೆಯ ಕಾಗದ:
ಸಿಖ್ಖರಲ್ಲೂ ಹಾಗೆಯೇ. 1708ರಲ್ಲಿ ಗುರು ಗೋವಿಂದ ಸಿಂಗರು ಮನುಷ್ಯ ಗುರುವಿನ ಪರಂಪರೆಯನ್ನೇ ನಿಲ್ಲಿಸಿ ಗ್ರಂಥವನ್ನು ಗುರು ಮಾಡಿದರು.

ನಡುಹಗಲು:
ಆದರೂ ಅದೇ ನೆಲದಲ್ಲಿ ನಾನು ಮೇಲೆ ಹೇಳಿದ ಡೇರಾ ಬೆಳೆಯಿತು. ಗ್ರಂಥದ ಮುಂದೆ ಬಾಗುವವರ ಪಂಕ್ತಿಯಲ್ಲಿ ಜಾಗ ಸಿಗದ ದಲಿತರು ಬಹಳ ಮಂದಿ ಅತ್ತ ಹೋದರು. ಮರ್ಯಾದೆ ಸಿಗದವರು ಮರ್ಯಾದೆ ಕೊಡುವ ಬಾಬಾನನ್ನು ಹುಡುಕುತ್ತಾರೆ. ಇದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು.

ಕರಿಕೋಟು:
ವಕೀಲನಾಗಿ ಒಂದೆರಡು ಮಾತು. ಶಾಲ್ಮಲಾ ಅವರೇ, ನಿಮ್ಮ ಸಮಿತಿಯ ಹಿರಿಯರು ಗುರುವಿನ ಲೆಕ್ಕ ಎಂದರಲ್ಲ, ಆ ಮಾತೇ ಕಾನೂನಿನಲ್ಲಿ ನಿಲ್ಲುವುದಿಲ್ಲ. 1954ರಲ್ಲಿ ಸುಪ್ರೀಂ ಕೋರ್ಟ್ ಉಡುಪಿಯ ಶೀರೂರು ಮಠದ ಪ್ರಕರಣದಲ್ಲಿ ಇದನ್ನು ಬಿಡಿಸಿ ಹೇಳಿದೆ. ಮಠಾಧಿಪತಿಗೆ ಆಸ್ತಿಯಲ್ಲಿ ಹಿತಾಸಕ್ತಿ ಇದೆ, ಅದರ ಜೊತೆಗೆ ಕರ್ತವ್ಯವೂ ಇದೆ, ಎರಡನ್ನೂ ಬೇರ್ಪಡಿಸಲಾಗದು. ಪೂಜೆ, ಆಚರಣೆ ಹೇಗಿರಬೇಕೆಂದು ಸರ್ಕಾರ ಹೇಳುವಂತಿಲ್ಲ, ಆದರೆ ಆಸ್ತಿಯ ಆಡಳಿತವನ್ನು ಕಾನೂನು ನಿಯಂತ್ರಿಸಬಹುದು.

ನಮ್ಮ ರಾಜ್ಯದ 1997ರ ಧಾರ್ಮಿಕ ದತ್ತಿ ಕಾಯ್ದೆಯ ವ್ಯಾಪ್ತಿಯಿಂದ ಮಠಗಳನ್ನು ಹೊರಗಿಟ್ಟಿದ್ದಾರೆ. ಆದ್ದರಿಂದ ಮುಜರಾಯಿ ಇಲಾಖೆಗೆ ಅಲೆಯಬೇಡಿ. ಹೈಸ್ಕೂಲು ಯಾರ ಹೆಸರಿನಲ್ಲಿದೆ ನೋಡಿ. ಬಹುತೇಕ ಕಡೆ ಅದು ನೋಂದಾಯಿತ ಸಂಘದ ಹೆಸರಿನಲ್ಲಿ ಇರುತ್ತದೆ. ಹಾಗಿದ್ದರೆ 1960ರ ಸಂಘಗಳ ನೋಂದಣಿ ಕಾಯ್ದೆಯಂತೆ ವರ್ಷಕ್ಕೊಮ್ಮೆ ಸರ್ವಸದಸ್ಯರ ಸಭೆ ಕರೆದು ಲೆಕ್ಕ ಮಂಡಿಸಬೇಕು, ಅದನ್ನು ನೋಂದಣಾಧಿಕಾರಿಗೆ ಸಲ್ಲಿಸಬೇಕು. ಅಲ್ಲಿ ಅರ್ಜಿ ಹಾಕಿದರೆ ನಕಲು ಸಿಗುತ್ತದೆ. ಮೊದಲು ಆ ಕಾಗದ ಕೈಗೆ ಬರಲಿ, ಆಮೇಲೆ ಸಭೆಯಲ್ಲಿ ಮಾತಾಡಿ. ಪಟ್ಟಿ ಕೊಡುವವರೂ ರಸೀದಿ ಇಲ್ಲದೆ ಕೊಡಬೇಡಿ.

ಶಾಲ್ಮಲಾ ತೀರ:
ಕರಿಕೋಟು ಸರ್, ತುಂಬಾ ಉಪಕಾರವಾಯಿತು. ಶಾಲೆ ಒಂದು ವಿದ್ಯಾವರ್ಧಕ ಸಂಘದ ಹೆಸರಿನಲ್ಲಿದೆ, ಫಲಕದ ಮೇಲೆ ನೋಂದಣಿ ಸಂಖ್ಯೆಯೂ ಇದೆ. ನಾಳೆಯೇ ಧಾರವಾಡಕ್ಕೆ ಹೋಗುತ್ತೇನೆ. ಕೃಷ್ಣಾ ತೀರ, ನೀವು ಬರೆದ ಅಂತಿಮ ಪತ್ರದ ವಿಷಯವನ್ನು ಅಮ್ಮನಿಗೆ ಓದಿ ಹೇಳಿದೆ. ನಿಮ್ಮ ಅಜ್ಜನವರಿಗೂ ಅದನ್ನು ಓದಿ ಹೇಳು, ಸಮಿತಿಯವರಿಗಲ್ಲ ಎಂದರು.

ಮರಿಯ ಅಕ್ಕ:
ಇಷ್ಟು ಹೊತ್ತು ಓದುತ್ತಿದ್ದೆ, ಈಗ ಬರೆಯುತ್ತಿದ್ದೇನೆ.

ನನ್ನ ತಮ್ಮನನ್ನು ಮಠಕ್ಕೆ ಮರಿಯಾಗಿ, ಅಂದರೆ ಮುಂದೆ ಪೀಠಕ್ಕೆ ಬರುವ ಬಾಲಸ್ವಾಮಿಯಾಗಿ, ಕೊಟ್ಟರು. ಆಗ ಅವನು ಇನ್ನೂ ಕನ್ನಡ ಶಾಲೆಯಲ್ಲಿದ್ದ. ಯಾವ ಮಠ, ಯಾವ ಊರು ಎಂದು ಕೇಳಬೇಡಿ. ಕೊಡುವ ದಿನ ಊರೆಲ್ಲ ಮೆರವಣಿಗೆ, ಅಪ್ಪನಿಗೆ ಶಾಲು, ಅಮ್ಮನಿಗೆ ಇಳಕಲ್ ಸೀರೆ. ಒಂದು ವರ್ಷದ ನಂತರ ಊರಿನಲ್ಲಿ ಬಿನ್ನಹಕ್ಕೆ, ಅಂದರೆ ಭಕ್ತರ ಮನೆಯ ಊಟಕ್ಕೆ, ಬಂದಾಗ ನಮ್ಮ ಮನೆಗೂ ಬಂದ. ಬಾಗಿಲಲ್ಲಿ ಅಮ್ಮ ಅವನ ಪಾದಕ್ಕೆ ನೀರು ಹಾಕಿ, ಸೆರಗು ಹಿಡಿದು ಅಡ್ಡಬಿದ್ದಳು. ಅವನು ಅಮ್ಮ ಎಂದು ಕರೆಯುವಂತಿರಲಿಲ್ಲ, ತಾಯಿ ಎಂದು ಎಲ್ಲ ಭಕ್ತರನ್ನು ಕರೆಯುವ ಹಾಗೆ ಕರೆದ. ಮಣೆಯ ಮೇಲೆ ಒಬ್ಬನನ್ನೇ ಕೂರಿಸಿ ಬಡಿಸಿದರು. ಅವನಿಗೆ ಇಷ್ಟವೆಂದು ಶೇಂಗಾ ಹೋಳಿಗೆ ಮಾಡಿದ್ದೆವು. ಒಂದನ್ನು ಮುರಿದು ಅರ್ಧ ತಿಂದು, ಉಳಿದರ್ಧವನ್ನು ಮೊದಲಿನಂತೆ ನನ್ನ ಕಡೆ ಚಾಚಿದ. ಜೊತೆಗೆ ಬಂದಿದ್ದವರು ಕೆಮ್ಮಿದರು. ಕೈ ಹಿಂದಕ್ಕೆ ತೆಗೆದುಕೊಂಡ. ಹೊರಗೆ ಜನ ಜೈಕಾರ ಹಾಕುತ್ತಿದ್ದರು.

ಈಗ ಅವನು ಪೀಠದಲ್ಲಿದ್ದಾನೆ. ಒಳ್ಳೆಯ ಪ್ರವಚನ ಮಾಡುತ್ತಾನೆ. ಜ್ವರ ಬಂದರೂ ಬಂತೆಂದು ಹೇಳುವಂತಿಲ್ಲ, ಅಜ್ಜನವರಿಗೂ ಜ್ವರವೇ ಎಂದು ಜನ ಗಾಬರಿಯಾಗುತ್ತಾರೆ. ಒಮ್ಮೆ ರಾತ್ರಿ ಫೋನ್ ಮಾಡಿ, ಇಡೀ ದಿನ ನೂರಾರು ಜನ ಬರುತ್ತಾರೆ ಅಕ್ಕ, ಹೇಗಿದ್ದೀಯ ಎಂದು ಯಾರೂ ಕೇಳುವುದಿಲ್ಲ ಎಂದ. ಅವನು ತಪ್ಪು ಮಾಡಿದರೆ ತಿದ್ದುವವರು ಹತ್ತಿರದಲ್ಲಿ ಇಲ್ಲ. ಎಲ್ಲರೂ ಅವನ ಮಾತಿಗೆ ತಲೆಯಾಡಿಸಿ ತಮ್ಮ ಕೆಲಸ ಮಾಡಿಸಿಕೊಳ್ಳುವವರೇ. ಲೆಕ್ಕಪತ್ರ ನೋಡಿಕೊಳ್ಳುವವರು ಮಠದ ಕಾಗದಗಳಿಗೆ ಸಹಿ ತೆಗೆದುಕೊಂಡು ಹೋಗುತ್ತಾರೆ. ಶಾಲ್ಮಲಾ ತಮ್ಮಾ, ನಿನ್ನ ಅಜ್ಜನವರು ಸಭೆಯಲ್ಲಿ ತಲೆ ತಗ್ಗಿಸಿ ಕುಳಿತಿದ್ದರು ಎಂದೆಯಲ್ಲ. ಅವರಿಗೆ ಆ ಜಮಾಖರ್ಚನ್ನು ಯಾರಾದರೂ ತೋರಿಸಿದ್ದಾರೆಯೆ, ಮೊದಲು ಅದನ್ನು ತಿಳಿದುಕೋ. ಒಬ್ಬನೇ ಹೋಗಿ ಕೇಳು.

ಕಲ್ಯಾಣದ ಹಾದಿ:
ಅಕ್ಕ, ಓದಿ ಏನು ಬರೆಯಬೇಕೆಂದು ತೋಚುತ್ತಿಲ್ಲ. ನಿಮ್ಮ ತಮ್ಮನವರಿಗೆ ಶರಣು ತಿಳಿಸಿ.

ನೇತ್ರಾವತಿಯ ಕಡೆಯವಳು:
ಮಗುವನ್ನು ಪೀಠಕ್ಕೆ ಕೊಡುವುದನ್ನು ನಿಲ್ಲಿಸಬೇಕು. ವಯಸ್ಸಿಗೆ ಬಂದ ಮೇಲೆ ಅವರೇ ನಿರ್ಧರಿಸಲಿ. ನಮ್ಮಲ್ಲಿ ಸೆಮಿನರಿಗೆ ಸೇರಿದವರಿಗೂ ದೀಕ್ಷೆಗೆ ಮೊದಲು ಹೊರಗೆ ಬರಲು ವರ್ಷಗಳ ಕಾಲಾವಕಾಶ ಇರುತ್ತದೆ.

ಪಡುಗಡಲು:
ಇದನ್ನು ನಾನು ಒಪ್ಪುವುದಿಲ್ಲ. ಬಾಲಸಂನ್ಯಾಸಕ್ಕೆ ಶಾಸ್ತ್ರದ ಆಧಾರವಿದೆ. ಶೀರೂರು ಮಠಕ್ಕೆ ಹದಿನಾರರ ವಟು ಪೀಠಾಧಿಪತಿಯಾದಾಗ ಹೈಕೋರ್ಟಿಗೆ ಹೋದರು. 2021ರ ಸೆಪ್ಟೆಂಬರಿನಲ್ಲಿ ನ್ಯಾಯಾಲಯ ಅದಕ್ಕೆ ಅಡ್ಡಿಯಿಲ್ಲ ಎಂದು ಹೇಳಿತು. ಪೇಜಾವರರು ಎಳೆಯ ಪ್ರಾಯದಲ್ಲೇ ಸಂನ್ಯಾಸ ತೆಗೆದುಕೊಂಡವರು. ಚಿಕ್ಕಂದಿನಿಂದ ವೇದಾಂತ ಕಲಿಯದೆ ಅಂಥ ಪಾಂಡಿತ್ಯ ಬರುವುದಿಲ್ಲ.

ಮರಿಯ ಅಕ್ಕ:
ಪಾಂಡಿತ್ಯ ಬರಲಿ ಸರ್. ಊಟಕ್ಕೆ ಜೊತೆಗೆ ಕೂರಬಾರದು ಎಂದು ಯಾವ ಶಾಸ್ತ್ರ ಹೇಳಿದೆ?

ಸೌಕೂರು:
ಯತಿಧರ್ಮದಲ್ಲಿ ಪೂರ್ವಾಶ್ರಮದ ನಂಟು ಇರಬಾರದು ಎಂದೇ ಇದೆ, ಅಕ್ಕ. ಆದರೆ ತಾಯಿಗೆ ವಿನಾಯಿತಿ ಇದೆ. ಶಂಕರಾಚಾರ್ಯರು ತಾಯಿಯ ಅಂತ್ಯಸಂಸ್ಕಾರಕ್ಕೆ ಕಾಲಡಿಗೆ ಹೋದ ಕಥೆಯನ್ನು ಎಲ್ಲರೂ ಹೇಳುತ್ತಾರೆ. ಯತಿಗಳು ತಾಯಿಗೆ ನಮಸ್ಕರಿಸಬಹುದು, ತಾಯಿ ಯತಿಗೆ ಅಡ್ಡಬೀಳಬೇಕಾಗಿಲ್ಲ ಎಂದೇ ನಮ್ಮ ಹಿರಿಯರು ಹೇಳಿಕೊಟ್ಟದ್ದು.

ಮರಿಯ ಅಕ್ಕ:
ನಮ್ಮ ಅಮ್ಮನಿಗೆ ಇದನ್ನು ಯಾರೂ ಹೇಳಲಿಲ್ಲ.

ತುಮಕೂರಿನ ಮೇಷ್ಟ್ರು:
ತಾಯಿ, ನಾನು ಗುರುವಿನ ಪಾದಕ್ಕೆ ಬಾಗುವುದನ್ನು ಸಾಯುವ ತನಕ ಬಿಡುವುದಿಲ್ಲ. ಆದರೆ ನಿಮ್ಮ ತಮ್ಮನವರ ಮಠ ಯಾವ ಕಡೆ ಎಂದು ನನಗೊಬ್ಬನಿಗೆ ಖಾಸಗಿಯಾಗಿ ತಿಳಿಸಿದರೆ, ಹೋಗಿ ಒಂದು ದಿನ ಅವರ ಜೊತೆ ಮಾತಾಡಿಕೊಂಡು ಬರುತ್ತೇನೆ. ನಿವೃತ್ತನಾಗಿದ್ದೇನೆ, ಸಮಯವಿದೆ. ಜಮಾಖರ್ಚು ಓದಲೂ ಬರುತ್ತದೆ.

ಎರೆಹೊಲ:
ಬಾಲಸಂನ್ಯಾಸದ ಚರ್ಚೆಗೆ ಬೇರೆಯೇ ಎಳೆ ತೆರೆಯಿರಿ, ಇಲ್ಲಿ ಎರಡೂ ಕಲಸಿಹೋಗುತ್ತಿವೆ. ಪಡುಗಡಲು ಅವರೇ, ನೀವೇ ಶುರುಮಾಡಿ, ನಾನು ವಿರೋಧದ ಕಡೆ ಬರೆಯುತ್ತೇನೆ.